ಬಿಪಿ ಬಿದ್ದಿರುವ ಅಪಘಾತದ ರೋಗಿಗೆ ಅರಿವಳಿಕೆ ಕೊಡುವುದು ತಪ್ಪೇ? ಒಳ ರಕ್ತಸ್ರಾವದ ಬಗ್ಗೆ ಫಾರ್ವರ್ಡ್‌ಗಳು ಹೇಳದ ಸಂಗತಿಗಳು

ಯಾವುದಾದರೂ ದೊಡ್ಡ ಅಪಘಾತದ ಸುದ್ದಿ ಬಂದರೆ ಅದರ ಹಿಂದೆಯೇ ಒಂದು ಬಗೆಯ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರುತ್ತದೆ. “ಆಸ್ಪತ್ರೆಗೆ ಹೋದಾಗ ಚೆನ್ನಾಗಿ ಮಾತಾಡುತ್ತಿದ್ದ. ಅರಿವಳಿಕೆ ಇಂಜೆಕ್ಷನ್ ಕೊಟ್ಟರು, ಐದೇ ನಿಮಿಷದಲ್ಲಿ ಹೋಗಿಬಿಟ್ಟ. ಡೋಸ್ ಜಾಸ್ತಿಯಾಗಿದೆ. ಎಲ್ಲರಿಗೂ ಶೇರ್ ಮಾಡಿ.” ಊರು, ಹೆಸರು ಬದಲಾಗುತ್ತವೆ, ಒಕ್ಕಣೆ ಮಾತ್ರ ಬಹುತೇಕ ಇದೇ.

ಇಂಥ ಸಂದೇಶ ಓದಿ ಮನಸ್ಸಿನಲ್ಲಿ ಇಟ್ಟುಕೊಂಡವರು ಮುಂದೊಂದು ದಿನ ತಮ್ಮವರಿಗಾಗಿ ಆಪರೇಷನ್ ಒಪ್ಪಿಗೆ ಪತ್ರದ ಮುಂದೆ ನಿಂತಾಗ ಹಿಂಜರಿಯುತ್ತಾರೆ. “ಬಿಪಿ ಸರಿಯಾಗಲಿ, ಆಮೇಲೆ ನೋಡೋಣ” ಅನ್ನುತ್ತಾರೆ. ಒಳಗೆ ರಕ್ತ ಸೋರುತ್ತಿರುವ ರೋಗಿಗೆ ಆ ಅರ್ಧ ಗಂಟೆ ಬಹಳ ದುಬಾರಿ. ಹಾಗಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಚುಟುಕಾಗಿ ಹೇಳುವುದಾದರೆ

• ಹೊರಗೆ ಗಾಯ ಕಾಣದಿದ್ದರೂ, ರೋಗಿ ಮಾತನಾಡುತ್ತಿದ್ದರೂ ಒಳಗೆ ಒಂದೂವರೆ ಲೀಟರ್‌ವರೆಗೆ ರಕ್ತ ಹೋಗಿರಬಹುದು.
• ರಕ್ತ ಕಳೆದುಕೊಂಡ ರೋಗಿಗೆ ಅರಿವಳಿಕೆ ಅಪಾಯಕಾರಿ ಎನ್ನುವುದು ನಿಜ. ಆದರೆ ಸೋರುವ ರಕ್ತನಾಳವನ್ನು ನಿಲ್ಲಿಸದೆ ಕಾಯುವುದು ಅದಕ್ಕಿಂತ ಅಪಾಯಕಾರಿ.
• ಅರಿವಳಿಕೆ ತಜ್ಞರ ಕೆಲಸ ಒಂದು ಇಂಜೆಕ್ಷನ್‌ಗೆ ಮುಗಿಯುವುದಿಲ್ಲ. ಉಸಿರು, ರಕ್ತ, ಬಿಪಿ, ದೇಹದ ಶಾಖ ಎಲ್ಲವೂ ಅವರ ಕೈಯಲ್ಲಿರುತ್ತವೆ.
• ರೋಗಿಯನ್ನು ಉಳಿಸುವ ರಕ್ತ ಅಪಘಾತಕ್ಕೆ ಮೊದಲೇ ಯಾರೋ ಕೊಟ್ಟು, ರಕ್ತನಿಧಿಯಲ್ಲಿ ಸಿದ್ಧವಾಗಿರುವ ರಕ್ತ.

ಮಾತನಾಡುತ್ತಿದ್ದಾರೆ ಎಂದರೆ ಗಂಭೀರವಲ್ಲ ಎಂದೇ?

ಅಲ್ಲ. ಇದಕ್ಕೆ ಇಡೀ ಜಗತ್ತಿಗೆ ಗೊತ್ತಿರುವ ಉದಾಹರಣೆಯೊಂದಿದೆ. 1981ರ ಮಾರ್ಚ್ 30ರಂದು ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಮೇಲೆ ವಾಷಿಂಗ್ಟನ್‌ನಲ್ಲಿ ಗುಂಡಿನ ದಾಳಿ ನಡೆಯಿತು. ಗುಂಡು ತಗುಲಿದ್ದು ಮೊದಲಿಗೆ ಅವರಿಗೂ ಗೊತ್ತಾಗಲಿಲ್ಲ, ಭದ್ರತಾ ಸಿಬ್ಬಂದಿಗೂ ಗೊತ್ತಾಗಲಿಲ್ಲ. ಕಾರಿನೊಳಗೆ ತಳ್ಳಿದಾಗ ಪಕ್ಕೆಲುಬು ಮುರಿದಿರಬೇಕು ಎಂದುಕೊಂಡರು. ಬಾಯಲ್ಲಿ ರಕ್ತ ಕಂಡ ಕೂಡಲೇ ಕಾರನ್ನು ಶ್ವೇತಭವನದ ಬದಲು ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ತಿರುಗಿಸಲಾಯಿತು. ರೇಗನ್ ಕಾರಿನಿಂದ ಇಳಿದು ನಡೆದುಕೊಂಡೇ ಒಳಗೆ ಹೋದರು, ಬಾಗಿಲು ದಾಟುತ್ತಲೇ ಕುಸಿದರು. ಬಟ್ಟೆ ಕತ್ತರಿಸಿ ನೋಡಿದಾಗ ಎಡ ಕಂಕುಳ ಕೆಳಗೆ ಸಣ್ಣ ಗಾಯ ಸಿಕ್ಕಿತು. ಗುಂಡು ಶ್ವಾಸಕೋಶವನ್ನು ಹೊಕ್ಕಿತ್ತು, ಎದೆಯೊಳಗೆ ರಕ್ತ ತುಂಬುತ್ತಿತ್ತು. ಆ ದಿನ 70 ವರ್ಷದ ರೇಗನ್ ದೇಹದ ಅರ್ಧಕ್ಕಿಂತ ಹೆಚ್ಚು ರಕ್ತ ಕಳೆದುಕೊಂಡರು. ಹಾಗಿದ್ದರೂ ಆಪರೇಷನ್‌ಗೆ ಮೊದಲು ವೈದ್ಯರ ಜೊತೆ ತಮಾಷೆ ಮಾಡಿದರು! ಕೂಡಲೇ ರಕ್ತ ಕೊಟ್ಟು, ಅರಿವಳಿಕೆ ನೀಡಿ, ಎದೆ ತೆರೆದು ಆಪರೇಷನ್ ಮಾಡಲಾಯಿತು. ಏಪ್ರಿಲ್ 11ರಂದು ಅವರು ಆಸ್ಪತ್ರೆಯಿಂದ ಹೊರಬಂದರು.

ಅರ್ಧ ರಕ್ತ ಹೋಗುತ್ತಿರುವಾಗ ಮಾತನಾಡಲು ಹೇಗೆ ಸಾಧ್ಯ? ಉತ್ತರ ನಮ್ಮ ದೇಹದ ತುರ್ತು ವ್ಯವಸ್ಥೆಯಲ್ಲಿದೆ. ವಯಸ್ಕರ ದೇಹದಲ್ಲಿ ಪ್ರತಿ ಕೆಜಿ ತೂಕಕ್ಕೆ ಸುಮಾರು 70 ಮಿಲಿ ಲೀಟರ್ ರಕ್ತ ಇರುತ್ತದೆ. ಅಂದರೆ 70 ಕೆಜಿ ತೂಗುವವರಲ್ಲಿ ಸುಮಾರು 5 ಲೀಟರ್. ರಕ್ತ ಕಡಿಮೆಯಾದ ಕೂಡಲೇ ದೇಹ ಅಡ್ರಿನಲಿನ್‌ನಂಥ ರಾಸಾಯನಿಕಗಳನ್ನು ಹರಿಯಬಿಡುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ. ಕೈಕಾಲು, ಚರ್ಮ, ಹೊಟ್ಟೆಯ ರಕ್ತನಾಳಗಳು ಬಿಗಿಯುತ್ತವೆ. ಉಳಿದ ರಕ್ತವೆಲ್ಲ ಮಿದುಳು ಮತ್ತು ಹೃದಯದ ಕಡೆಗೆ ಹೋಗುತ್ತದೆ. ಹಾಗಾಗಿ ಸಾಮಾನ್ಯವಾಗಿ ಶೇ 30ರಷ್ಟು, ಅಂದರೆ ಸುಮಾರು ಒಂದೂವರೆ ಲೀಟರ್ ರಕ್ತ ಹೋಗುವವರೆಗೂ ಮಲಗಿರುವ ರೋಗಿಯ ಬಿಪಿ ಅಷ್ಟಾಗಿ ಬೀಳದೇ ಇರಬಹುದು. ಗಟ್ಟಿಮುಟ್ಟಾದ ಯುವಕರಲ್ಲಿ ಈ ವ್ಯವಸ್ಥೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೇ ಅವರು ಕೊನೆಯವರೆಗೂ ಚೆನ್ನಾಗಿರುವಂತೆ ಕಂಡು, ಒಮ್ಮೆಲೇ ಕುಸಿಯುತ್ತಾರೆ.

ಇಷ್ಟು ರಕ್ತ ಒಳಗೆ ಎಲ್ಲಿ ಹೋಗುತ್ತದೆ? ವೈದ್ಯರು ಮುಖ್ಯವಾಗಿ ನಾಲ್ಕು ಜಾಗ ಹುಡುಕುತ್ತಾರೆ: ಎದೆಗೂಡು, ಹೊಟ್ಟೆ, ಸೊಂಟದ ಮೂಳೆಗಳ ಸುತ್ತ ಮತ್ತು ಬೆನ್ನಿನ ಕಡೆಯ ಆಳದ ಜಾಗ, ತೊಡೆ. ಬೈಕ್ ಹ್ಯಾಂಡಲ್ ಹೊಟ್ಟೆಗೆ ಗುದ್ದಿ ಗುಲ್ಮ ಅಥವಾ ಲಿವರ್ ಸೀಳುವುದು ನಮ್ಮ ರಸ್ತೆಗಳಲ್ಲಿ ಅಪರೂಪವಲ್ಲ. ಹೊಟ್ಟೆಯ ಮೇಲೆ ತರಚು ಗಾಯ ಮಾತ್ರ ಇರಬಹುದು, ಒಳಗೆ ಎರಡು ಲೀಟರ್ ರಕ್ತ ನಿಂತಿರಬಹುದು. ತುರ್ತು ವಿಭಾಗದಲ್ಲಿ ವೈದ್ಯರು ಹೊಟ್ಟೆಯ ಮೇಲೆ ಸ್ಕ್ಯಾನ್ ಯಂತ್ರದ ಹಿಡಿ ಇಟ್ಟು ಒಂದೆರಡು ನಿಮಿಷ ನೋಡುತ್ತಾರಲ್ಲ, ಅದು ಈ ರಕ್ತವನ್ನು ಹುಡುಕುವ ಪರೀಕ್ಷೆ. ಲಿವರ್ ಪಕ್ಕ, ಗುಲ್ಮದ ಪಕ್ಕ, ಕಿಬ್ಬೊಟ್ಟೆ ಮತ್ತು ಹೃದಯದ ಸುತ್ತ ದ್ರವ ಇದೆಯೇ ಎಂದು ಅದರಲ್ಲಿ ನೋಡುತ್ತಾರೆ.

ಹಾಗಾದರೆ ಅರಿವಳಿಕೆ ಕೊಟ್ಟ ಕೂಡಲೇ ಬಿಪಿ ಬೀಳುವುದೇಕೆ?

ಫಾರ್ವರ್ಡ್‌ಗಳಲ್ಲಿ ಅರ್ಧ ಸತ್ಯ ಇರುವುದು ಇಲ್ಲೇ. ಅರಿವಳಿಕೆ ಕೊಟ್ಟ ಮೊದಲ ಕೆಲವು ನಿಮಿಷಗಳಲ್ಲಿ ಇಂಥ ರೋಗಿಯ ಬಿಪಿ ಬೀಳುವ ಸಾಧ್ಯತೆ ನಿಜಕ್ಕೂ ಇದೆ. ಹೃದಯ ನಿಲ್ಲುವ ಸಾಧ್ಯತೆಯೂ ಇದೆ. ಅದಕ್ಕೆ ಡೋಸ್ ಹೆಚ್ಚಾಗಿರಲೇಬೇಕು ಎಂದೇನಿಲ್ಲ. ಕಾರಣಗಳು ಮೂರು.

ಒಂದು, ಔಷಧ. ಪ್ರೊಪೊಫಾಲ್, ಥಯೋಪೆಂಟಾಲ್‌ನಂಥ ಔಷಧಗಳು ರಕ್ತನಾಳಗಳನ್ನು ಸಡಿಲಗೊಳಿಸುತ್ತವೆ, ಹೃದಯದ ಬಡಿತದ ಬಲವನ್ನು ತಗ್ಗಿಸುತ್ತವೆ. ಆರೋಗ್ಯವಂತರಿಗೆ ಅದು ದೊಡ್ಡ ವಿಷಯವಲ್ಲ. ಆದರೆ ರಕ್ತ ಕಳೆದುಕೊಂಡವರು ಜೀವ ಹಿಡಿದಿರುವುದೇ ಆ ಬಿಗಿದ ರಕ್ತನಾಳಗಳಿಂದ. ಜೊತೆಗೆ, ರಕ್ತ ಕಡಿಮೆ ಇರುವಾಗ ಅಷ್ಟೇ ಔಷಧ ಮಿದುಳು ಮತ್ತು ಹೃದಯಕ್ಕೆ ಹೆಚ್ಚು ಸಾಂದ್ರವಾಗಿ ತಲುಪುತ್ತದೆ.

ಎರಡು, ಉಸಿರಾಟದ ಯಂತ್ರ. ನಾವು ಉಸಿರು ಎಳೆದುಕೊಳ್ಳುವಾಗ ಎದೆಯೊಳಗಿನ ಒತ್ತಡ ಕಡಿಮೆಯಾಗಿ ರಕ್ತ ಹೃದಯದ ಕಡೆಗೆ ಸೆಳೆಯಲ್ಪಡುತ್ತದೆ. ವೆಂಟಿಲೇಟರ್ ಗಾಳಿಯನ್ನು ಒಳಗೆ ತಳ್ಳುತ್ತದೆ. ಆಗ ಎದೆಯ ಒತ್ತಡ ಹೆಚ್ಚಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ.

ಮೂರು, ಹೊಟ್ಟೆಯ ಬಿಗಿ. ಹೊಟ್ಟೆಯಲ್ಲಿ ರಕ್ತ ತುಂಬಿದಾಗ ಬಿಗಿದ ಸ್ನಾಯುಗಳು ಸೋರುವ ಜಾಗವನ್ನು ಹೊರಗಿನಿಂದ ಅಮುಕಿದಂತೆ ಹಿಡಿದಿರುತ್ತವೆ. ಸ್ನಾಯು ಸಡಿಲಿಸುವ ಔಷಧ ಕೊಟ್ಟಾಗ, ಹೊಟ್ಟೆ ತೆರೆದಾಗ ಆ ಹಿಡಿತ ತಪ್ಪುತ್ತದೆ. ಸೋರುವಿಕೆ ಹೆಚ್ಚುತ್ತದೆ.

ಈ ಮೂರೂ ಅರಿವಳಿಕೆ ತಜ್ಞರಿಗೆ ಮೊದಲೇ ಗೊತ್ತು. ಹಾಗಾಗಿ ಇಂಥ ಆಪರೇಷನ್‌ನಲ್ಲಿ ಕೆಲಸದ ಕ್ರಮವೇ ಬೇರೆ. ಮಾಮೂಲಿ ಆಪರೇಷನ್‌ನಲ್ಲಿ ಮೊದಲು ಅರಿವಳಿಕೆ, ಆಮೇಲೆ ಹೊಟ್ಟೆ ಒರೆಸಿ ಬಟ್ಟೆ ಹೊದಿಸುವುದು. ಇಲ್ಲಿ ರೋಗಿ ಎಚ್ಚರವಿರುವಾಗಲೇ ಹೊಟ್ಟೆ ಸ್ವಚ್ಛಗೊಳಿಸಿ, ಬಟ್ಟೆ ಹೊದಿಸಿ, ಸರ್ಜನ್ ಗ್ಲೌಸ್ ಹಾಕಿ ಕೈಯಲ್ಲಿ ಬ್ಲೇಡ್ ಹಿಡಿದು ನಿಂತಿರುತ್ತಾರೆ. ಆಮೇಲಷ್ಟೇ ಅರಿವಳಿಕೆ. ಔಷಧ ಏರಿದ ಮತ್ತು ರಕ್ತಸ್ರಾವ ಹಿಡಿತಕ್ಕೆ ಬಂದ ಕ್ಷಣಗಳ ನಡುವಿನ ಅಂತರ ಆದಷ್ಟು ಕಡಿಮೆ ಇರಬೇಕು ಎನ್ನುವುದೇ ಇದರ ಉದ್ದೇಶ.

“ಬಿಪಿ ಸರಿಯಾಗುವವರೆಗೆ ಆಪರೇಷನ್ ಮಾಡಬಾರದು” — ನಿಜವೇ?

ಮೊದಲೇ ದಿನ ಗೊತ್ತು ಮಾಡಿದ ಹರ್ನಿಯಾ ಆಪರೇಷನ್‌ಗೆ ಈ ಮಾತು ಸರಿ. ಸೀಳಿದ ಗುಲ್ಮದಿಂದ ರಕ್ತ ಸುರಿಯುತ್ತಾ ಬಿಪಿ ಇಳಿಯುತ್ತಿರುವವರಿಗೆ ಸರಿಯಲ್ಲ. ಅಲ್ಲಿ ಬಿಪಿ ಬಿದ್ದಿರುವುದೇ ಸೋರುವಿಕೆಯಿಂದ. ಸೋರುವಿಕೆ ನಿಲ್ಲದೆ ಬಿಪಿ ನಿಲ್ಲುವುದಿಲ್ಲ. ತಳದಲ್ಲಿ ತೂತು ಬಿದ್ದ ಕೊಡಕ್ಕೆ ಮೇಲಿಂದ ನೀರು ಸುರಿದಷ್ಟೂ ಹೊರಗೆ ಹೋಗುತ್ತದೆ.

ಎಲ್ಲ ಒಳ ರಕ್ತಸ್ರಾವಕ್ಕೂ ಆಪರೇಷನ್ ಬೇಕು ಎಂದಲ್ಲ. ಬಿಪಿ, ನಾಡಿ ಸ್ಥಿರವಾಗಿದ್ದರೆ ಸಿಟಿ ಸ್ಕ್ಯಾನ್ ಮಾಡಿ, ಐಸಿಯುನಲ್ಲಿ ನಿಗಾ ಇಟ್ಟು ಎಷ್ಟೋ ಗುಲ್ಮ, ಲಿವರ್ ಗಾಯಗಳನ್ನು ಆಪರೇಷನ್ ಇಲ್ಲದೆಯೇ ಗುಣಪಡಿಸುತ್ತಾರೆ. ಬಿಪಿ ನಿಲ್ಲದೇ ಇರುವವರಿಗೇ ಥಿಯೇಟರ್‌ಗೆ ಓಟ.

ನಮ್ಮ ತೀರ್ಮಾನ: ಈ ಸಂದೇಶ ದಾರಿ ತಪ್ಪಿಸುವಂಥದ್ದು.

“ಗ್ಲೂಕೋಸ್ ಬಾಟಲಿ ಏರಿಸುತ್ತಲೇ ಇರಬೇಕು” — ನಿಜವೇ?

ನಾವು ಎಲ್ಲ ಡ್ರಿಪ್‌ಗೂ ಗ್ಲೂಕೋಸ್ ಎನ್ನುತ್ತೇವೆ. ಇಂಥ ರೋಗಿಗಳಿಗೆ ಹಾಕುವುದು ಹೆಚ್ಚಾಗಿ ಉಪ್ಪಿನಂಶದ ದ್ರಾವಣ. ಅದರಲ್ಲಿ ಆಮ್ಲಜನಕ ಹೊರುವ ಕೆಂಪು ಕಣವೂ ಇಲ್ಲ, ರಕ್ತ ಹೆಪ್ಪುಗಟ್ಟಿಸುವ ಅಂಶವೂ ಇಲ್ಲ. ಲೀಟರ್‌ಗಟ್ಟಲೆ ಹಾಕಿದರೆ ಉಳಿದ ರಕ್ತ ತೆಳುವಾಗುತ್ತದೆ, ದೇಹ ತಣ್ಣಗಾಗುತ್ತದೆ, ಒತ್ತಡ ಏರಿ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತು ಹೋಗಬಹುದು.

ಈ ಬಗ್ಗೆ 1994ರಲ್ಲಿ ಅಮೆರಿಕದ ಹ್ಯೂಸ್ಟನ್‌ನಿಂದ ಮಹತ್ವದ ಅಧ್ಯಯನವೊಂದು ಪ್ರಕಟವಾಯಿತು. ಗುಂಡು ಅಥವಾ ಚೂರಿ ಹೊಟ್ಟೆ, ಎದೆಗೆ ಹೊಕ್ಕು ಬಿಪಿ ಬಿದ್ದಿದ್ದ 598 ಮಂದಿಯನ್ನು ಅದರಲ್ಲಿ ಗಮನಿಸಲಾಗಿತ್ತು. ದಾರಿಯಲ್ಲೇ ಡ್ರಿಪ್ ಏರಿಸಿದವರಲ್ಲಿ ಶೇ 62ರಷ್ಟು ಮಂದಿ ಬದುಕಿದರು. ಆಪರೇಷನ್ ಥಿಯೇಟರ್‌ವರೆಗೆ ಡ್ರಿಪ್ ತಡೆಹಿಡಿದವರಲ್ಲಿ ಶೇ 70ರಷ್ಟು ಮಂದಿ ಬದುಕಿದರು. ಇದಾದ ಮೇಲೆ ಚಿಕಿತ್ಸೆಯ ದಿಕ್ಕು ಬದಲಾಗುತ್ತಾ ಬಂತು. ಸೋರುವಿಕೆ ನಿಲ್ಲುವವರೆಗೆ ಮೇಲಿನ ಬಿಪಿ 80ರಿಂದ 90ರ ಆಸುಪಾಸಿನಲ್ಲಿ ಇದ್ದರೂ ವೈದ್ಯರು ಸ್ವಲ್ಪ ಹೊತ್ತು ಒಪ್ಪಿಕೊಳ್ಳುತ್ತಾರೆ. ಮಾನಿಟರ್‌ನಲ್ಲಿ 85 ಕಂಡು “ಯಾರೂ ಏನೂ ಮಾಡುತ್ತಿಲ್ಲ” ಎಂದು ಬಂಧುಗಳಿಗೆ ಅನ್ನಿಸುವುದು ಸಹಜ. ಅದು ಲೆಕ್ಕ ಹಾಕಿ ತೆಗೆದುಕೊಂಡ ನಿರ್ಧಾರವೂ ಆಗಿರಬಹುದು. ತಲೆಗೆ ಪೆಟ್ಟು ಬಿದ್ದವರಿಗೆ ಮಾತ್ರ ಈ ಲೆಕ್ಕ ಅನ್ವಯಿಸುವುದಿಲ್ಲ. ಊದಿಕೊಂಡ ಮಿದುಳಿಗೆ ರಕ್ತ ತಲುಪಲು ಹೆಚ್ಚು ಒತ್ತಡ ಬೇಕು.

ನಮ್ಮ ತೀರ್ಮಾನ: ತಪ್ಪು. ರಕ್ತ ಹೋದ ಜಾಗಕ್ಕೆ ಬೇಕಿರುವುದು ರಕ್ತವೇ.

“ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ಸಾಕಿತ್ತಲ್ಲ?”

ಸಿಸೇರಿಯನ್‌ನಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಡುವುದನ್ನು ನೋಡಿದವರು ಹೀಗೆ ಕೇಳುತ್ತಾರೆ. ಪ್ರಜ್ಞೆ ತಪ್ಪಿಸದಿದ್ದರೆ ಅಪಾಯ ಕಡಿಮೆ ಎಂಬ ನಂಬಿಕೆ ಇದರ ಹಿಂದಿದೆ. ಆದರೆ ಬೆನ್ನಿನ ಇಂಜೆಕ್ಷನ್ ದೇಹದ ಕೆಳಭಾಗದ ರಕ್ತನಾಳಗಳನ್ನು ಬಿಗಿಯಾಗಿಡುವ ನರಗಳನ್ನೂ ನಿಶ್ಚೇಷ್ಟಗೊಳಿಸುತ್ತದೆ. ನಾಳಗಳೆಲ್ಲ ಒಮ್ಮೆಲೇ ಹಿಗ್ಗಿ, ಇದ್ದ ಸ್ವಲ್ಪ ರಕ್ತವೂ ಕಾಲುಗಳ ಕಡೆ ನಿಂತುಬಿಡುತ್ತದೆ. ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿರುವವರಲ್ಲಿ ಬೆನ್ನುಹುರಿಯ ಸುತ್ತ ರಕ್ತಸ್ರಾವವಾಗುವ ಅಪಾಯವೂ ಉಂಟು. ಹಾಗಾಗಿ ಜೋರಾಗಿ ರಕ್ತ ಸೋರುತ್ತಿರುವವರಿಗೆ ಪೂರ್ಣ ಅರಿವಳಿಕೆಯೇ ದಾರಿ.

“ಕೆಟಮಿನ್ ಕುದುರೆಗೆ ಕೊಡುವ ಮದ್ದು, ನಶೆಯ ಪದಾರ್ಥ”

ಕೆಟಮಿನ್ ಅನ್ನು 1962ರಲ್ಲಿ ಅಮೆರಿಕದಲ್ಲಿ ತಯಾರಿಸಲಾಯಿತು. 1970ರಲ್ಲಿ ಮನುಷ್ಯರ ಮೇಲಿನ ಬಳಕೆಗೆ ಅಲ್ಲಿ ಅನುಮತಿ ಸಿಕ್ಕಿತು. ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳಿಗೆ ಬಳಕೆಯಾಯಿತು. ಪಶುವೈದ್ಯರು ಇದನ್ನು ಬಳಸುವುದು ನಿಜ, ದುರ್ಬಳಕೆಯಾಗುವುದೂ ನಿಜ. ಆದರೆ ಇದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಅದಕ್ಕೆ ಕಾರಣವೂ ಇದೆ. ಬೇರೆ ಅರಿವಳಿಕೆ ಔಷಧಗಳು ಬಿಪಿ ಇಳಿಸಿದರೆ, ಕೆಟಮಿನ್ ದೇಹದ ಸ್ವಂತ ಅಡ್ರಿನಲಿನ್ ವ್ಯವಸ್ಥೆಯನ್ನು ಚುರುಕುಗೊಳಿಸಿ ಬಿಪಿ ಹಿಡಿದಿಡಲು ನೆರವಾಗುತ್ತದೆ, ನೋವನ್ನೂ ಕಡಿಮೆ ಮಾಡುತ್ತದೆ. ಎಟೊಮಿಡೇಟ್ ಎಂಬ ಇನ್ನೊಂದು ಔಷಧವೂ ಬಿಪಿಯನ್ನು ಹೆಚ್ಚು ಕದಲಿಸುವುದಿಲ್ಲ.

ಆದರೆ ಯಾವ ಔಷಧವೂ ಪೂರ್ತಿ ಸುರಕ್ಷಿತವಲ್ಲ. ದೇಹದ ಅಡ್ರಿನಲಿನ್ ದಾಸ್ತಾನು ಮುಗಿದಿದ್ದರೆ ಕೆಟಮಿನ್ ಕೂಡ ಬಿಪಿ ಬೀಳಿಸಬಹುದು. ಹಾಗಾಗಿ ಇಂಥವರಿಗೆ ನಿದ್ರೆಯ ಔಷಧದ ಪ್ರಮಾಣವನ್ನು ಮಾಮೂಲಿಗಿಂತ ಬಹಳ ಕಡಿಮೆ ಇಡುತ್ತಾರೆ. ಸ್ನಾಯು ಸಡಿಲಿಸುವ ಔಷಧವನ್ನು ಮಾತ್ರ ಕಡಿಮೆ ಮಾಡುವುದಿಲ್ಲ. ರಕ್ತ ನಿಧಾನವಾಗಿ ಹರಿಯುವಾಗ ಅದು ಕೆಲಸ ಮಾಡಲು ತಡವಾಗುತ್ತದೆ.

ಇಲ್ಲಿ ಹಳೆಯ ‘ಫಾರ್ವರ್ಡ್’ ಒಂದರ ಕತೆ ಹೇಳಬೇಕು. 1941ರ ಡಿಸೆಂಬರ್ 7ರಂದು ಜಪಾನ್ ಅಮೆರಿಕದ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಗಾಯಾಳುಗಳಲ್ಲಿ ಬಾಂಬ್‌ಗಿಂತ ಥಯೋಪೆಂಟಾಲ್ ಅರಿವಳಿಕೆಯಿಂದ ಸತ್ತವರೇ ಹೆಚ್ಚು ಎಂಬ ಮಾತು ದಶಕಗಳ ಕಾಲ ವೈದ್ಯರ ನಡುವೆಯೇ ಓಡಾಡಿತು. 1995ರಲ್ಲಿ ದಾಖಲೆಗಳನ್ನು ತೆಗೆದು ನೋಡಿದಾಗ ಅಲ್ಲಿನ ಟ್ರಿಪ್ಲರ್ ಸೇನಾ ಆಸ್ಪತ್ರೆಗೆ ದಾಖಲಾಗಿದ್ದ 344 ಗಾಯಾಳುಗಳಲ್ಲಿ ಬದುಕುಳಿಯದೇ ಇದ್ದವರು 13 ಮಂದಿ. ಅವರಲ್ಲಿ ಥಯೋಪೆಂಟಾಲ್ ಕಾರಣ ಎನ್ನಬಹುದಾದವರು ಕೆಲವರಷ್ಟೇ ಇರಬಹುದು. ಆ ಮಾತು ಬಹಳ ಉತ್ಪ್ರೇಕ್ಷಿತವಾಗಿತ್ತು. ಹಾಗಿದ್ದರೂ ಅದರೊಳಗಿನ ಎಚ್ಚರಿಕೆ ಸರಿಯಾಗಿತ್ತು: ರಕ್ತ ಕಳೆದುಕೊಂಡವರಿಗೆ ಮಾಮೂಲಿ ಡೋಸ್ ಕೊಡಬಾರದು. ವೈದ್ಯಲೋಕ ಪಾಠವನ್ನು ಉಳಿಸಿಕೊಂಡು ಉತ್ಪ್ರೇಕ್ಷೆಯನ್ನು ಬಿಟ್ಟಿತು. ನಾವೂ ಫಾರ್ವರ್ಡ್‌ಗಳ ವಿಷಯದಲ್ಲಿ ಇದನ್ನೇ ಮಾಡಬೇಕು.

ಅರಿವಳಿಕೆ ತಜ್ಞರು ಥಿಯೇಟರ್‌ನಲ್ಲಿ ಏನು ಮಾಡುತ್ತಾರೆ?

“ಒಂದು ಇಂಜೆಕ್ಷನ್ ಕೊಟ್ಟು ಹೋಗುತ್ತಾರೆ, ಅದಕ್ಕೆ ಬೇರೆ ಬಿಲ್” ಎಂಬ ಗೊಣಗಾಟವನ್ನು ನಾವೆಲ್ಲ ಕೇಳಿದ್ದೇವೆ. ಇಂಥ ಆಪರೇಷನ್‌ನಲ್ಲಿ ಅವರು ಮಾಡುವ ಕೆಲಸಗಳನ್ನು ನೋಡೋಣ.

ಉಸಿರಿನ ದಾರಿ: ಅಪಘಾತವಾದವರ ಹೊಟ್ಟೆ ತುಂಬಿದೆ ಎಂದೇ ಭಾವಿಸುತ್ತಾರೆ. ಪ್ರಜ್ಞೆ ತಪ್ಪಿದಾಗ ಹೊಟ್ಟೆಯಲ್ಲಿರುವುದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿದರೆ ಅದೇ ಪ್ರಾಣಕ್ಕೆ ಕುತ್ತು. ಅದಕ್ಕಾಗಿ ಮೊದಲು ಆಮ್ಲಜನಕ ಕೊಟ್ಟು, ಔಷಧಗಳನ್ನು ಬೆನ್ನು ಬೆನ್ನಿಗೆ ಕೊಟ್ಟು, ನಿಮಿಷದೊಳಗೆ ಶ್ವಾಸನಾಳಕ್ಕೆ ಕೊಳವೆ ಇಳಿಸುತ್ತಾರೆ. ಕುತ್ತಿಗೆಯ ಮೂಳೆಗೆ ಪೆಟ್ಟಾಗಿರಬಹುದು ಎಂಬ ಶಂಕೆ ಇದ್ದರೆ ತಲೆಯನ್ನು ಅಲುಗಾಡದಂತೆ ಹಿಡಿದು ಇದನ್ನು ಮಾಡಬೇಕು.

ಸೂಜಿಯ ಅಳತೆ: ಕೈಗೆ ಹಾಕುವ ಕ್ಯಾನುಲಾದ ಬಣ್ಣ ಗಮನಿಸಿದ್ದೀರಾ? ವಾರ್ಡಿನಲ್ಲಿ ನಾವು ನೋಡುವುದು ಹೆಚ್ಚಾಗಿ ಗುಲಾಬಿ ಅಥವಾ ನೀಲಿ. ಇಲ್ಲಿ ಬೂದು ಅಥವಾ ಕಿತ್ತಳೆ ಬಣ್ಣದ ದಪ್ಪ ಕ್ಯಾನುಲಾ ಬೇಕು, ಕನಿಷ್ಠ ಎರಡು. ಕೊಳವೆಯ ಅಗಲ ದುಪ್ಪಟ್ಟಾದರೆ ಅದರಲ್ಲಿ ಹರಿಯುವ ಪ್ರಮಾಣ 16 ಪಟ್ಟು ಹೆಚ್ಚಬಲ್ಲದು ಎನ್ನುವುದು ಭೌತಶಾಸ್ತ್ರದ ನಿಯಮ. ಹಾಗಾಗಿ ಉದ್ದನೆಯ ತೆಳು ಕೊಳವೆಗಿಂತ ಗಿಡ್ಡ, ದಪ್ಪ ಕೊಳವೆ ಇಲ್ಲಿ ಹೆಚ್ಚು ಉಪಯುಕ್ತ.

ರಕ್ತದ ಲೆಕ್ಕ: ಬರೀ ಕೆಂಪು ಕಣ ಕೊಟ್ಟರೆ ಸಾಲದು. ಹೆಪ್ಪುಗಟ್ಟಲು ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್ ಕೂಡ ಬೇಕು. ಎಷ್ಟು ಪ್ರಮಾಣದಲ್ಲಿ ಎಂಬುದನ್ನು ತಿಳಿಯಲು ಅಮೆರಿಕದಲ್ಲಿ 680 ಗಾಯಾಳುಗಳ ಮೇಲೆ ಅಧ್ಯಯನ ನಡೆದು 2015ರಲ್ಲಿ ಪ್ರಕಟವಾಯಿತು. ಮೂರನ್ನೂ ಸಮಪ್ರಮಾಣದಲ್ಲಿ ಕೊಟ್ಟಾಗ ಒಟ್ಟು ಸಾವಿನ ಪ್ರಮಾಣದಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲ 24 ಗಂಟೆಯಲ್ಲಿ ರಕ್ತಸ್ರಾವದಿಂದಲೇ ಸತ್ತವರು ಕಡಿಮೆಯಿದ್ದರು: ಶೇ 14.6ರ ಬದಲು ಶೇ 9.2.

ಗುಂಪು ಪರೀಕ್ಷಿಸಲು ಸಮಯವಿಲ್ಲದಿದ್ದರೆ ಓ ಗುಂಪಿನ ಕೆಂಪು ಕಣ ಕೊಡುತ್ತಾರೆ. ಓ ನೆಗೆಟಿವ್ ನಮ್ಮಲ್ಲಿ ಅಪರೂಪ. ಹಾಗಾಗಿ ಅದನ್ನು ಹೆಣ್ಣುಮಕ್ಕಳಿಗೆ ಮೀಸಲಿಟ್ಟು, ಗಂಡಸರಿಗೆ ತುರ್ತಿನಲ್ಲಿ ಓ ಪಾಸಿಟಿವ್ ಕೊಡುವುದು ಒಪ್ಪಿತ ಕ್ರಮ.

ಶಾಖ: ರಕ್ತದ ಚೀಲ ಇರುವುದು 2ರಿಂದ 6 ಡಿಗ್ರಿ ತಂಪಿನಲ್ಲಿ. ಅದನ್ನು ಹಾಗೆಯೇ ಏರಿಸಿದರೆ ದೇಹ ತಣ್ಣಗಾಗುತ್ತದೆ. ತಣ್ಣಗಾದ ದೇಹದಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟದೆ ಇನ್ನಷ್ಟು ರಕ್ತ ಹೋಗುತ್ತದೆ, ಅಂಗಾಂಗಗಳಿಗೆ ಆಮ್ಲಜನಕ ಸಿಗದೆ ರಕ್ತ ಆಮ್ಲೀಯವಾಗುತ್ತದೆ, ಆಮ್ಲೀಯತೆಯಿಂದ ಹೆಪ್ಪುಗಟ್ಟುವಿಕೆ ಇನ್ನೂ ಕೆಡುತ್ತದೆ. ವೈದ್ಯರು ಇದನ್ನು ‘ಮಾರಕ ತ್ರಿಕೋನ’ ಎನ್ನುತ್ತಾರೆ. ರಕ್ತವನ್ನು ಬಿಸಿ ಮಾಡಿ ಏರಿಸುವ ಯಂತ್ರ, ಬಿಸಿಗಾಳಿಯ ಹೊದಿಕೆ ಇರುವುದು ಇದಕ್ಕಾಗಿ.

ಕ್ಯಾಲ್ಸಿಯಂ: ಚೀಲದಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಸಿಟ್ರೇಟ್ ಬೆರೆಸಿರುತ್ತಾರೆ. ಅದು ರೋಗಿಯ ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಕ್ಯಾಲ್ಸಿಯಂ ಇಲ್ಲದೆ ಹೆಪ್ಪೂ ಕಟ್ಟುವುದಿಲ್ಲ, ಹೃದಯವೂ ಬಲವಾಗಿ ಬಡಿಯುವುದಿಲ್ಲ. ಹಾಗಾಗಿ ರಕ್ತದ ಜೊತೆ ಜೊತೆಗೇ ಕ್ಯಾಲ್ಸಿಯಂ ಕೊಡುತ್ತಾರೆ.

ಎಚ್ಚರವಾಗದಂತೆ ನೋಡಿಕೊಳ್ಳುವುದು: ಬಿಪಿ ಕಡಿಮೆ ಇರುವವರಿಗೆ ಔಷಧ ಕಡಿಮೆ ಕೊಟ್ಟಾಗ ಆಪರೇಷನ್ ನಡುವೆ ಅರಿವು ಮೂಡುವ ಸಾಧ್ಯತೆ ಇತರರಿಗಿಂತ ಹೆಚ್ಚು. ಬಿಪಿ ಚೇತರಿಸಿಕೊಂಡಂತೆ ನಿದ್ರೆ ಮತ್ತು ನೋವಿನ ಔಷಧವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗುತ್ತಾರೆ.

ರಕ್ತ ನಿಲ್ಲಿಸುವ ಅಗ್ಗದ ಔಷಧ ಮತ್ತು ಮೂರು ಗಂಟೆಯ ಗಡುವು

ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರಿಗೆ ವೈದ್ಯರು ಬರೆದುಕೊಡುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ ಹಲವರಿಗೆ ಗೊತ್ತು. ಇದನ್ನು 1962ರಲ್ಲಿ ಕಂಡುಹಿಡಿದವರು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ. ದೇಹ ಕಟ್ಟಿದ ಹೆಪ್ಪು ಬೇಗ ಕರಗದಂತೆ ಇದು ತಡೆಯುತ್ತದೆ.

ಅಪಘಾತದ ರೋಗಿಗಳಿಗೆ ಇದರಿಂದ ಉಪಯೋಗವೇ ಎಂದು 40 ದೇಶಗಳ 274 ಆಸ್ಪತ್ರೆಗಳಲ್ಲಿ 20 ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಭಾರತದ ಆಸ್ಪತ್ರೆಗಳೂ ಅದರಲ್ಲಿದ್ದವು. ಔಷಧ ಸಿಗದವರಲ್ಲಿ ಶೇ 16ರಷ್ಟು, ಸಿಕ್ಕವರಲ್ಲಿ ಶೇ 14.5ರಷ್ಟು ಮಂದಿ ಸತ್ತರು. ಅಂದರೆ ಪ್ರತಿ ಸಾವಿರ ರೋಗಿಗಳಲ್ಲಿ 15 ಜೀವ ಉಳಿದಂತೆ. ಒಂದು ಷರತ್ತು ಇದೆ: ಗಾಯವಾದ ಮೂರು ಗಂಟೆಯೊಳಗೆ ಕೊಡಬೇಕು. ಆ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ, ಹಾನಿಯೂ ಆಗಬಹುದು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ರೂಪದಲ್ಲಿ, ವೈದ್ಯರೇ ನಿರ್ಧರಿಸಿ ಕೊಡಬೇಕಾದ ಔಷಧ ಇದು. “ಅಪಘಾತವಾದರೆ ಈ ಮಾತ್ರೆ ನುಂಗಿಸಿ” ಎಂಬ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ.

“ಹೊಟ್ಟೆ ಹೊಲಿಯದೇ ವೆಂಟಿಲೇಟರ್‌ಗೆ ಹಾಕಿದರು, ದುಡ್ಡಿಗಾಗಿ” — ನಿಜವೇ?

ಇದು ಬಂಧುಗಳಲ್ಲಿ ಅತಿ ಹೆಚ್ಚು ಅನುಮಾನ ಹುಟ್ಟಿಸುವ ಹಂತ. ಮಾರಕ ತ್ರಿಕೋನದಲ್ಲಿ ಸಿಲುಕಿದವರಿಗೆ ಆರು ಗಂಟೆಯ ಪೂರ್ತಿ ಆಪರೇಷನ್ ತಡೆದುಕೊಳ್ಳಲು ಆಗುವುದಿಲ್ಲ. ಹಾಗಾಗಿ ಮೊದಲ ಬಾರಿ ಸೋರುವಿಕೆಯನ್ನಷ್ಟೇ ನಿಲ್ಲಿಸಿ, ಬಟ್ಟೆ ಒತ್ತಿಟ್ಟು, ಹೊಟ್ಟೆಯನ್ನು ತಾತ್ಕಾಲಿಕವಾಗಿ ಮುಚ್ಚಿ ಐಸಿಯುಗೆ ಕಳಿಸುತ್ತಾರೆ. ಅಲ್ಲಿ ವೆಂಟಿಲೇಟರ್‌ನಲ್ಲಿಟ್ಟು ದೇಹವನ್ನು ಬೆಚ್ಚಗಾಗಿಸಿ, ರಕ್ತ ಹೆಪ್ಪುಗಟ್ಟುವುದು ಸರಿಯಾದ ಮೇಲೆ, ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ, ಎರಡನೇ ಆಪರೇಷನ್ ಮಾಡುತ್ತಾರೆ. 1990ರ ದಶಕದಿಂದ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಪದ್ಧತಿ ಇದು.

ಹಾಗೆಂದು ಪ್ರಶ್ನೆ ಕೇಳಬಾರದು ಎಂದಲ್ಲ. ವೈದ್ಯಕೀಯ ತಪ್ಪುಗಳು ಆಗುವುದೇ ಇಲ್ಲ ಎಂದೂ ನಾವು ಹೇಳುತ್ತಿಲ್ಲ. ಪ್ರತಿ ಆಪರೇಷನ್‌ನಲ್ಲೂ ಅರಿವಳಿಕೆ ದಾಖಲೆ ಇರುತ್ತದೆ. ಯಾವ ಔಷಧ, ಎಷ್ಟು, ಎಷ್ಟು ಹೊತ್ತಿಗೆ, ಬಿಪಿ ಎಷ್ಟಿತ್ತು ಎಂಬುದು ಅದರಲ್ಲಿ ಬರೆದಿರಬೇಕು. ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ರೋಗಿ ಅಥವಾ ಅಧಿಕೃತ ಬಂಧು ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅನುಮಾನವಿದ್ದರೆ ಅದನ್ನು ಪಡೆದು ಇನ್ನೊಬ್ಬ ತಜ್ಞರಿಗೆ ತೋರಿಸಿ, ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಿ. ಸತ್ಯ ಗೊತ್ತಾಗುವ ದಾರಿ ಅದು. ವಾಟ್ಸ್‌ಆ್ಯಪ್‌ನಲ್ಲಿ ಅದು ಗೊತ್ತಾಗುವುದಿಲ್ಲ.

ನಾವು ಏನು ಮಾಡಬಹುದು?

2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಇಂಥ ಸಂದರ್ಭದಲ್ಲಿ ಸ್ಥಳದಲ್ಲಿರುವವರು ಮಾಡಬಹುದಾದದ್ದು ಬಹಳಷ್ಟಿದೆ.

1. ಕೂಡಲೇ 108 ಅಥವಾ 112ಕ್ಕೆ ಕರೆ ಮಾಡಿ. ಬಿದ್ದ ರಭಸ ಜೋರಾಗಿದ್ದರೆ, ಎದ್ದು ನಡೆದಾಡುತ್ತಿದ್ದರೂ ಆಸ್ಪತ್ರೆಗೆ ಹೋಗಲಿ.

2. ಮುಖ ಬಿಳಿಚುವುದು, ತಣ್ಣನೆಯ ಬೆವರು, ವೇಗದ ನಾಡಿ, ಬಾಯಾರಿಕೆ, ಚಡಪಡಿಕೆ, ಹೊಟ್ಟೆ ಬಿಗಿಯುವುದು, ಭುಜದ ತುದಿಯಲ್ಲಿ ನೋವು — ಇವು ಒಳ ರಕ್ತಸ್ರಾವದ ಸೂಚನೆಗಳಾಗಿರಬಹುದು.

3. ನೀರು, ಕಾಫಿ, ಎಳನೀರು, ಏನನ್ನೂ ಕುಡಿಸಬೇಡಿ. “ಗಂಟಲು ಒಣಗಿದೆ, ಒಂದು ಗುಟುಕು” ಎಂದು ಕೇಳಿದರೂ ಬೇಡ. ಬಾಯಾರಿಕೆಯೇ ರಕ್ತ ಹೋಗುತ್ತಿರುವುದರ ಲಕ್ಷಣವಾಗಿರಬಹುದು. ಕುಡಿಸಿದ್ದು ಅರಿವಳಿಕೆ ಹೊತ್ತಿಗೆ ಶ್ವಾಸಕೋಶ ಸೇರುವ ಅಪಾಯವಿದೆ.

4. ಹೊರಗೆ ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯಿರಿ. ಶಾಲು, ಜಮಖಾನ ಏನಿದೆಯೋ ಅದನ್ನು ಹೊದಿಸಿ ಬೆಚ್ಚಗಿಡಿ.

5. ಅಪಘಾತವಾದ ಸಮಯವನ್ನು ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಮೂರು ಗಂಟೆಯ ಲೆಕ್ಕಕ್ಕೆ ಅದು ಬೇಕು. ಕೊನೆಯ ಊಟ ಯಾವಾಗ, ಅಲರ್ಜಿ ಇದೆಯೇ, ಹೃದಯದ ತೊಂದರೆಗೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನು ವೈದ್ಯರಿಗೆ ಹೇಳಿ.

6. ನೆರವಾದರೆ ಪೊಲೀಸ್ ಕೇಸಿನಲ್ಲಿ ಸಿಕ್ಕಿಕೊಳ್ಳುತ್ತೇವೆ ಎಂಬ ಭಯ ಬೇಡ. ಕರ್ನಾಟಕದಲ್ಲಿ ಜೀವರಕ್ಷಕರಿಗೆ ರಕ್ಷಣೆ ನೀಡುವ ಪ್ರತ್ಯೇಕ ಕಾನೂನೇ ಇದೆ, 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯೂ ದೇಶದಾದ್ಯಂತ ಈ ರಕ್ಷಣೆ ಕೊಡುತ್ತದೆ. ಕಾನೂನು ಪ್ರಕ್ರಿಯೆಗಾಗಿ ಕಾಯದೆ ಮೊದಲು ಜೀವ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಕೊನೆಯ ಮಾತು, ರಕ್ತದ ಬಗ್ಗೆ

“ತುರ್ತಾಗಿ ರಕ್ತ ಬೇಕು” ಎಂಬ ಫಾರ್ವರ್ಡ್ ನೋಡಿ ಓಡಿ ಹೋಗುವವರ ಮನಸ್ಸು ದೊಡ್ಡದು. ಆದರೆ ಆಗ ಕೊಟ್ಟ ರಕ್ತ ಕೂಡಲೇ ರೋಗಿಗೆ ಹೋಗುವುದಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳಾಗಬೇಕು, ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಬೇರೆಯಾಗಬೇಕು. ಅದಕ್ಕೆ ಗಂಟೆಗಳು ಬೇಕು. ಒಳ ರಕ್ತಸ್ರಾವದ ರೋಗಿಗೆ ಅಷ್ಟು ಸಮಯವಿರುವುದಿಲ್ಲ. ಅವರನ್ನು ಉಳಿಸುವುದು ಕಳೆದ ವಾರ ಯಾರೋ ಸುಮ್ಮನೆ ಹೋಗಿ ಕೊಟ್ಟು ಬಂದ ರಕ್ತ. ಪ್ಲೇಟ್‌ಲೆಟ್‌ಗಳಂತೂ ಐದೇ ದಿನ ಬಾಳುತ್ತವೆ, ಅದಕ್ಕೆ ದಾನಿಗಳು ಸದಾ ಬರುತ್ತಲೇ ಇರಬೇಕು.

18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕೆಜಿ ತೂಕದ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಹತ್ತಿರದ ರಕ್ತನಿಧಿಯ ವಿವರ ಕೇಂದ್ರ ಸರ್ಕಾರದ ಇ-ರಕ್ತಕೋಶ ಜಾಲತಾಣದಲ್ಲಿದೆ.

ಅರಿವಳಿಕೆ ಕೊಟ್ಟಿದ್ದಕ್ಕೇ ಸತ್ತರು ಎಂಬ ಸಂದೇಶ ಇನ್ನೊಮ್ಮೆ ಬಂದಾಗ, ಶೇರ್ ಮಾಡುವ ಮೊದಲು ಕೇಳಿಕೊಳ್ಳಿ: ಅವರ ದೇಹದಲ್ಲಿ ಆಗ ಎಷ್ಟು ರಕ್ತ ಉಳಿದಿತ್ತು? ಸಂದೇಶ ಬರೆದವರಿಗೆ ಅದು ಗೊತ್ತಿತ್ತೇ? ಗೊತ್ತಿರದಿದ್ದರೆ ಆ ಸಂದೇಶ ನಿಮ್ಮಲ್ಲೇ ನಿಲ್ಲಲಿ.

(ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಯ ನಿರ್ಧಾರವನ್ನು ವೈದ್ಯರೊಂದಿಗೆ ಮಾತನಾಡಿಯೇ ತೆಗೆದುಕೊಳ್ಳಿ.)